ಕೊನೆಯ ಮೀನು

"ಆ ಕೊನೇ ಮೀನು ಒರೆಸಿಬಿಡು," ಅಂದಳು ಅಮ್ಮ. "ಒಂದ್ಸಲ ಮೇಲೆ ಕ್ಲಿಯರ್ ಕೋಟ್ ವಾರ್ನಿಶ್ ಬಿದ್ರೆ ಮುಗೀತು. ಆ ಸೊಟ್ಟ ಬಾಲ ಜನ್ಮಪೂರ್ತಿ ನಮ್ಮ ತಟ್ಟೆ ಪಕ್ಕದಲ್ಲೇ ಇರುತ್ತೆ."

ಮಗಳ ಎಡಗೈಯಲ್ಲಿ ಒದ್ದೆ ಬಟ್ಟೆ, ಬಲಗೈಯಲ್ಲಿ ಅಗಲವಾದ ಹೊಸ ಬ್ರಶ್ಶು. ಎದುರಿಗೆ ಊಟದ ಮೇಜು. ಮೇಜಿನ ತುಂಬ ನೀಲಿ ಕೊಳ, ಕೊಳದ ತುಂಬ ಕೆಂಪು ಮೀನುಗಳು, ಒಂದೊಂದೂ ಅಚ್ಚೊತ್ತಿದ ಹಾಗೆ. ಅಂಗಡಿಗಳ ಬೋರ್ಡು ಬರೆಯುವುದು ಅಮ್ಮನ ಕಸುಬು. ಅಳತೆಪಟ್ಟಿ ಮುಟ್ಟದೆ ನೇರ ಗೆರೆ ಎಳೆಯುವುದರಲ್ಲಿ ಅವಳು ಎತ್ತಿದ ಕೈ. ಆ ಕೈ ಈ ವರ್ಷ ನಡುಗತೊಡಗಿತ್ತು. ಏಣಿ ಹತ್ತುವುದನ್ನು ಬಿಟ್ಟು, ಸುಮ್ಮನೆ ಕೂರಲಾರದೆ, ಮನೆಯ ಮೇಜಿನ ಮೇಲೆ ಚಿತ್ರ ಬಿಡಿಸಲು ಹಿಡಿದಿದ್ದಳು. ಮೊನ್ನೆ, ಮೂಲೆಯ ಈ ಮೀನಿನ ಬಾಲ ಎಳೆಯುವಾಗ ಬ್ರಶ್ಶು ತನ್ನ ಪಾಡಿಗೆ ತಾನು ಅಲುಗಿತು. ಅಮ್ಮ ಬ್ರಶ್ಶುಗಳನ್ನೆಲ್ಲ ತೊಳೆದು, ಒರೆಸಿ, ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು. ಇನ್ನು ಅದನ್ನು ತೆರೆಯುವುದಿಲ್ಲವೆಂದು ಮಗಳಿಗೆ ಆ ಮುಚ್ಚಳದ ಸದ್ದಿನಲ್ಲೇ ಗೊತ್ತಾಗಿತ್ತು.

"ತಿಂಗಳುಗಟ್ಟಲೆ ತಟ್ಟೆ ತೊಡೆ ಮೇಲಿಟ್ಕೊಂಡು ಉಣ್ತಿದೀನಿ," ಬಾಗಿಲ ಬಳಿ ಮಣೆ ಹಾಕಿಕೊಂಡು ಉಣ್ಣುತ್ತ ಕೂತಿದ್ದ ಅಪ್ಪ ಗೊಣಗಿದ. "ಈ ಮನೇಲಿ ಮೀನಿಗಿರೋ ಮರ್ಯಾದೆ ನನಗಿಲ್ಲ."

"ನೀವು ಉಣ್ಣೋ ಚೆಂದಕ್ಕೇ ರೀ ಈ ಕೋಟು. ಒಂದು ಹನಿ ನೀರು ಸಿಡಿದ್ರೂ ಬಣ್ಣ ಎದ್ದು ಬರುತ್ತೆ." ಅಮ್ಮ ಮಗಳ ಕಡೆ ತಿರುಗಿದಳು. "ಈ ಅಂಚಿಂದ ಆ ಅಂಚಿಗೆ ಒಂದೇ ಎಳೆತ. ಒಮ್ಮೆ ಹೋದ ಜಾಗಕ್ಕೆ ತಿರುಗಿ ಬಂದ್ಯೋ, ಎಲ್ಲಾ ಕಲಸಿಹೋಗುತ್ತೆ. ಮೊದಲು ಬಿಳೀ ಕಾಣುತ್ತೆ, ಹೆದರಬೇಡ. ಅದಕ್ಕೂ ಮುಂಚೆ ಆ ಮೀನು ಒರೆಸು. ನಾನು ನೋಡಲ್ಲ." ಕಿಟಕಿಯ ಕಡೆ ಮುಖ ಮಾಡಿ ಕೂತುಬಿಟ್ಟಳು.

ಮಗಳು ಬಗ್ಗಿದಳು. ಬೇರೆ ಮೀನುಗಳೆಲ್ಲ ಶಿಸ್ತಾಗಿ, ಇದ್ದಲ್ಲೇ ಇದ್ದವು. ಇದೊಂದರ ಬಾಲ ಮಾತ್ರ ಈಗಷ್ಟೇ ನೀರನ್ನು ಒದ್ದಂತಿತ್ತು. ಹಾಗಂತ ಅಮ್ಮನಿಗೆ ಹೇಳಬೇಕೆಂದು ಮೊನ್ನೆಯಿಂದ ಅಂದುಕೊಳ್ಳುತ್ತಲೇ ಇದ್ದಳು. ಅಮ್ಮನ ಮಾತಿಗೆ 'ಬೇಡ' ಅಂದು ಅಭ್ಯಾಸವಿಲ್ಲದ ನಾಲಿಗೆ ಈಗಲೂ ಏಳಲಿಲ್ಲ. ಅವಳು ಬಟ್ಟೆಯನ್ನು ಸದ್ದಾಗದಂತೆ ನೆಲಕ್ಕಿಟ್ಟಳು. ಬ್ರಶ್ಶನ್ನು ಅದ್ದಿ, ಎಲ್ಲ ಬಿಟ್ಟು ಆ ಮೂಲೆಯಿಂದಲೇ ಶುರುಮಾಡಿ, ಉಸಿರು ಹಿಡಿದು ಒಂದೇ ಎಳೆತ ಎಳೆದಳು.

ಮೀನು ಮಾಯವಾಯಿತು. ಹಾಲಿನಂಥ ಬಿಳುಪು ಅದನ್ನು ನುಂಗಿಹಾಕಿತು. ಹೆದರಬೇಡ ಅಂತ ಕೇಳಿದ್ದು ಬೇರೆ, ಕಣ್ಣಾರೆ ಕಾಣುವುದು ಬೇರೆ. ತಿರುಗಿ ಹೋಗುವಂತಿಲ್ಲ, ಒರೆಸುವಂತಿಲ್ಲ. ಎಳೆತದ ಪಕ್ಕ ಎಳೆತ, ಮೀನಿನ ಹಿಂದೆ ಮೀನು, ಇಡೀ ಕೊಳ ಮಂಜಿನಲ್ಲಿ ಮುಳುಗುವವರೆಗೂ ಅವಳು ನಿಲ್ಲಲಿಲ್ಲ.

ಅಪ್ಪ ತಟ್ಟೆ ಹಿಡಿದೇ ಎದ್ದು ಬಂದು ಇಣುಕಿದ. "ಹೋಯ್ತಲ್ಲೇ! ಹಾಲಲ್ಲಿ ಮುಳುಗಿಸಿ ಕೊಂದ್ಯಾ ಎಲ್ಲಾನೂ?"

ಅಮ್ಮ ತಿರುಗಿ ಬಿಳಿಯ ಮೂಲೆಯನ್ನು ನೋಡಿದಳು. "ಒರೆಸಿದ್ಯಾ?" ಮಗಳು ಬ್ರಶ್ಶು ತೊಳೆಯತೊಡಗಿದಳು. "ಒಳ್ಳೇದಾಯ್ತು ಬಿಡು," ಅಂದಳು ಅಮ್ಮ. ಆದರೆ ಒಳ್ಳೆಯದಾದವರ ದನಿ ಅದಾಗಿರಲಿಲ್ಲ.

ಮೊದಲು ಹಚ್ಚಿದ ಜಾಗ ಮೊದಲು ಒಣಗಿತು. ಮೂಲೆಯಲ್ಲಿ ಮಂಜು ತೆಳುವಾಯಿತು. ನೀಲಿ ಕಂಡಿತು, ಹಚ್ಚುವ ಮುಂಚಿನ ಸಪ್ಪೆ ನೀಲಿಯಲ್ಲ, ಕೈ ಇಳಿಸಿದರೆ ಮೊಳಕೈವರೆಗೂ ಹೋಗುತ್ತದೇನೋ ಅನ್ನುವಂಥ ನೀಲಿ. ಅದರ ಆಳದಿಂದ ಒಂದು ಕೆಂಪು ಮೇಲೆದ್ದು ಬಂತು. ಮೊದಲು ಕಣ್ಣು, ಆಮೇಲೆ ಬೆನ್ನು, ಕೊನೆಗೆ ಬಾಲ. ಸುತ್ತಲೂ ಇನ್ನೂ ಬಿಳಿ ಮಂಜು. ನಡುವೆ ಅದೊಂದೇ ಮೀನು, ಮಂಜನ್ನು ಸೀಳಿಕೊಂಡು ಹೊರಟಿತ್ತು.

ಮೂವರೂ ಬಗ್ಗಿ ನೋಡಿದರು. ಅಪ್ಪನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಇದು... ಹೋಗ್ತಾ ಇದೆ ಕಣೇ," ಅಂದ, ಜೋರಾಗಿ ಮಾತಾಡಿದರೆ ಬೆದರೀತೇನೋ ಅನ್ನುವ ಹಾಗೆ.

"ಒರೆಸು ಅಂದಿದ್ದೆ ನಾನು," ಅಂದಳು ಅಮ್ಮ, ಮೀನಿನಿಂದ ಕಣ್ಣು ತೆಗೆಯದೆ.

"ಹೂಂ."

"ಒರೆಸಿಲ್ಲ ನೀನು."

"ಊಹೂಂ."

ಅಮ್ಮ ಬೆರಳು ಚಾಚಿ, ಮುಟ್ಟದೆ, ಆ ಬಾಲದ ಮೇಲೆ ಗಾಳಿಯಲ್ಲೇ ಎಳೆದಳು. ಬೆರಳು ನಡುಗಿತು. ಬಾಲ ಎಲ್ಲೆಲ್ಲಿ ಬಳುಕಿತ್ತೋ ಅಲ್ಲಲ್ಲೇ, ಹಾಗೆಯೇ. ಅವಳು ಕೈ ಹಿಂದಕ್ಕೆ ತೆಗೆದುಕೊಂಡು, ಯಾರದೋ ಹೊಸ ಕೈ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಇನ್ನೆರಡು ಕೋಟು ಬಿದ್ದು, ಮೇಜು ಚೆನ್ನಾಗಿ ಗಟ್ಟಿಯಾದ ಮೇಲೆ, ಒಂದು ಬೆಳಿಗ್ಗೆ ಅಪ್ಪ ಮೆರವಣಿಗೆಯಲ್ಲಿ ಬಂದವನಂತೆ ತಟ್ಟೆ ತಂದಿಟ್ಟ. ಪಕ್ಕದಲ್ಲಿ, ಆ ಮೂಲೆಯಲ್ಲೇ, ನೀರು ತುಂಬಿದ ಗಾಜಿನ ಲೋಟ.

"ಅಲ್ಲಿ ಬೇಡ ರೀ. ಅದು ಆ ಮೀನು ಹೋಗೋ ದಾರಿ," ಎಂದು ಅಮ್ಮ ಲೋಟವನ್ನೆತ್ತಿದಳು. ಕೈ ನಡುಗಿತು, ಲೋಟದ ನೀರು ನಡುಗಿತು. ಕಿಟಕಿಯ ಬಿಸಿಲು ಆ ನೀರನ್ನು ಹಾದು ಮೇಜಿನ ಮೇಲೆ ಅಲೆಅಲೆಯಾಗಿ ಬಿತ್ತು. ಅಷ್ಟು ದಿನ ಇದ್ದಲ್ಲೇ ಇದ್ದ ಮೀನುಗಳೆಲ್ಲ ಒಮ್ಮೆಗೇ ಅಲುಗಿದವು.

ಅಮ್ಮ ಲೋಟವನ್ನು ಕೆಳಗಿಡಲೇ ಇಲ್ಲ.