ಹದಿನೆಂಟರಲ್ಲಿ ಸಮಪಾಲು

"ಕಳೆದ ಎರಡು ವಾರದಲ್ಲಿ ಮನಸ್ಸಿಗೆ ಬೇಸರ ಅನ್ನಿಸಿದ್ದುಂಟಾ?" ಎಂದು ಮಾನಸಿಕ ಆರೋಗ್ಯದ ಸಮೀಕ್ಷೆಗೆ ಬಂದಿದ್ದ ಸಂಶೋಧಕಿ ಇಸ್ತ್ರಿ ಅಂಗಡಿಯ ಅಕ್ಕತಂಗಿಯರಲ್ಲಿ ಮೊದಲು ತಂಗಿಯನ್ನು ಕೇಳಿದಳು.

"ಇಲ್ಲ. ಸೊನ್ನೆ ಹಾಕು," ಎಂದು ಉತ್ತರ ಬಂತು. ಬಂದದ್ದು ಮಾತ್ರ ನೇತುಹಾಕಿದ ಬೆಡ್‌ಶೀಟಿನ ಆಚೆಯಿಂದ, ಅಕ್ಕನ ಬಾಯಿಂದ.

ಇಸ್ತ್ರಿ ಅಂಗಡಿಗೆ ಇದ್ದದ್ದು ಒಂದೇ ಕೋಣೆ. ಒಬ್ಬೊಬ್ಬರೂ ಏಕಾಂತದಲ್ಲಿ ಉತ್ತರಿಸಬೇಕೆಂಬ ನಿಯಮವನ್ನು ಸಂಶೋಧಕಿ ತಿಳಿಸಿದಾಗ ಅಕ್ಕ ಯಾವುದೋ ಗಿರಾಕಿಯ ಬೆಡ್‌ಶೀಟನ್ನು ಹಗ್ಗದ ಮೇಲೆ ಹರವಿ, ಅದರ ಹಿಂದೆ ನಿಂತು ಅಂಗಿಯೊಂದರ ಕಾಲರಿಗೆ ಇಸ್ತ್ರಿ ಒತ್ತತೊಡಗಿದ್ದಳು. ಏಕಾಂತವೇನೋ ಸಿದ್ಧವಾಯಿತು, ಅದರೊಳಗೆ ಮೂವರಿದ್ದರು.

ಅಕ್ಕನ ಭಯಕ್ಕೆ ಕಾರಣವಿತ್ತು. ಒಟ್ಟು ಎಂಟು ಪ್ರಶ್ನೆ, ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಹತ್ತು ಮುಟ್ಟಿದರೆ ಮನೋವೈದ್ಯರಿಗೆ ಚೀಟಿ ಎಂಬುದನ್ನು ಅವಳು ಬಾಗಿಲಲ್ಲೇ ಕೇಳಿ ತಿಳಿದುಕೊಂಡಿದ್ದಳು. ಮೂರು ವರ್ಷದ ಹಿಂದೆ, ತಾಯಿ ತೀರಿಕೊಂಡ ಮೇಲೆ, ತಂಗಿ ಮಾತು ನಿಲ್ಲಿಸಿ ನಲವತ್ತು ದಿನ ಆಸ್ಪತ್ರೆಯಲ್ಲಿದ್ದವಳು. ಮತ್ತೊಮ್ಮೆ ಅವಳನ್ನು ಅಲ್ಲಿಗೆ ಕಳಿಸುವ ಕಾಗದಕ್ಕೆ ಅಕ್ಕ ಅಂಗಡಿಯಲ್ಲಿ ಜಾಗ ಕೊಡುವವಳಲ್ಲ.

"ಊಟ ಸೇರುತ್ತಾ?"

"ಸೇರುತ್ತೆ. ತಟ್ಟೆ ತೊಳೆಯೋದೇ ಬೇಕಾಗಲ್ಲ, ಅಷ್ಟು ಚೆನ್ನಾಗಿ ಸೇರುತ್ತೆ. ಸೊನ್ನೆ," ಎಂದಿತು ಬೆಡ್‌ಶೀಟು.

"ಅಮ್ಮಾ, ಅವರೇ ಹೇಳ್ಬೇಕು. ನಿದ್ದೆ?"

"ಹಾಸಿಗೆ ಮುಟ್ಟಿದ್ರೆ ಮುಗೀತು, ಕೊರಡಿನ ಹಾಗೆ..."

"ಒಂದು ದಿನವೂ ಸರಿಯಾಗಿ ಬರಲ್ಲ," ಎಂದಳು ತಂಗಿ.

ಇಸ್ತ್ರಿ ಪೆಟ್ಟಿಗೆಯ ಸದ್ದು ನಿಂತಿತು. ಬೆಡ್‌ಶೀಟಿನ ಅಂಚಿನಿಂದ ಅಕ್ಕನ ಅರ್ಧ ಮುಖ ಹೊರಬಂತು. "ಏನೇ ಸುಳ್ಳು ಹೇಳ್ತೀಯಾ? ರಾತ್ರಿ ಎಷ್ಟು ಸಲ ಎದ್ದು ನೋಡ್ತೀನಿ, ನೋಡಿದಾಗೆಲ್ಲ ಕಣ್ಣು ಮುಚ್ಚಿರುತ್ತಲ್ಲೇ!"

"ನೀನು ನೋಡೋಕೆ ಬರ್ತೀಯ ಅಂತಾನೇ ಮುಚ್ಚಿರ್ತೀನಿ."

ಸಂಶೋಧಕಿ ಮೂರು ಎಂದು ಬರೆದುಕೊಂಡಳು. ಕೆಲಸದಲ್ಲಿ ಗಮನ ತಪ್ಪುವುದಕ್ಕೆ ಇನ್ನೊಂದು ಸೇರಿತು, ಮಿಕ್ಕದ್ದೆಲ್ಲ ಸೊನ್ನೆ. ಒಟ್ಟು ನಾಲ್ಕು. ಆ ಸಂಖ್ಯೆ ಕಿವಿಗೆ ಬಿದ್ದದ್ದೇ ತಡ, ಅಕ್ಕನ ಎದೆಯಿಂದ ಮೂರು ವರ್ಷದ ಉಸಿರು ಒಟ್ಟಿಗೇ ಹೊರಬಂತು. "ನಾಲ್ಕು! ಬರೀ ನಾಲ್ಕು! ದೇವರು ದೊಡ್ಡವನು," ಎಂದು ಎರಡೂ ಕೈ ಜೋಡಿಸಿ, ತಂಗಿಯನ್ನು ಬೆಡ್‌ಶೀಟಿನ ಹಿಂದಕ್ಕೆ ದಬ್ಬಿ, ತಾನೇ ಸ್ಟೂಲಿನ ಮೇಲೆ ಕುಳಿತಳು. "ನಂದೂ ಕೇಳಿಬಿಡು ಮಗಳೇ. ದುಂಡಗೆ ಸೊನ್ನೆ ಬರುತ್ತೆ, ನೋಡ್ತಿರು."

"ಮನಸ್ಸಿಗೆ ಬೇಸರ?"

"ಅದಕ್ಕೆಲ್ಲ ಪುರುಸೊತ್ತೆಲ್ಲಿದೆ? ಸೊನ್ನೆ."

"ಮಾಡೋ ಕೆಲಸದಲ್ಲಿ ಆಸಕ್ತಿ ಇಲ್ಲ ಅನ್ನಿಸುತ್ತಾ?"

"ಇಸ್ತ್ರಿ ಮಾಡೋಕೆ ಆಸಕ್ತಿ ಯಾಕಮ್ಮ? ಪೆಟ್ಟಿಗೆ ಬಿಸಿ ಇದ್ರೆ ಸಾಕು. ಆಸಕ್ತಿ ಹೋಗಿ ಯಾವ ಕಾಲವಾಯ್ತೋ."

"ಸುಸ್ತು?"

"ದಿನಾಲೂ. ಸುಸ್ತಾಗದೆ ಇರೋಕೆ ನಾನೇನು ಗೋಡೆಗೆ ಬಡಿದ ಮೊಳೇನಾ?"

"ಊಟ?"

"ನಿಂತುಕೊಂಡು ತಿಂದದ್ದು ಲೆಕ್ಕಕ್ಕೆ ಬರುತ್ತಾ?"

"ಮನೆಯವರ ಪಾಲಿಗೆ ನಾನು ಸೋತೆ ಅಂತ..."

"ಅದು ಬೆಳಿಗ್ಗೆ ಎದ್ದ ಕೂಡಲೇ. ಅದಿಲ್ಲದ ಅಕ್ಕಂದಿರು ಯಾರಿದ್ದಾರೆ ಹೇಳು? ಅದೇನು ಕಾಯಿಲೇನಾ?"

ಬಾಲ್ಯದ ಪದ್ಯ ಒಪ್ಪಿಸುವವಳಂತೆ ಅಕ್ಕ ಎಲ್ಲಿಯೂ ತಡವರಿಸಲಿಲ್ಲ. ಸಂಶೋಧಕಿಯ ಪೆನ್ನು ಮಾತ್ರ ತಡವರಿಸಿತು. ಹಾಳೆಯಲ್ಲಿ ಒಂದೊಂದು ಪ್ರಶ್ನೆಗೆ ಗುರುತು ಹಾಕಲು ನಾಲ್ಕೇ ಚೌಕಗಳಿದ್ದವು. ಅಕ್ಕನ ಮಾತುಗಳನ್ನು ಅವಳು ಅಂಚಿನ ಖಾಲಿ ಜಾಗದಲ್ಲಿ ಸಣ್ಣಕ್ಷರದಲ್ಲಿ ಬರೆದು ತುಂಬಿಸಿದ್ದಳು. ಕೊನೆಗೆ ಕೂಡಿಸಿ, ಮತ್ತೊಮ್ಮೆ ಕೂಡಿಸಿ, ಮೆಲ್ಲಗೆ ಹೇಳಿದಳು: "ಹದಿನಾಲ್ಕು."

"ಯಾರದ್ದು?"

"ನಿಮ್ಮದು. ಚೀಟಿ ಬರೆದುಕೊಡ್ತೀನಿ, ಬರೋ ವಾರ ಡಾಕ್ಟರನ್ನ ನೋಡಿ."

ಅಕ್ಕ ನಕ್ಕಳು, ನಗುತ್ತಲೇ ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡಳು. "ನೋಡು ಮಗಳೇ, ನಮ್ಮಲ್ಲಿ ಹದಿನೆಂಟು ಅಂಗಿ ಬಂದ್ರೆ ಒಂಬತ್ತು ನಾನು ಮಾಡ್ತೀನಿ, ಒಂಬತ್ತು ಅವಳು. ಇಷ್ಟು ವರ್ಷದಲ್ಲಿ ಒಂದು ದಿನ ತಪ್ಪಿಲ್ಲ. ನಂದು ಹದಿನಾಲ್ಕು, ಅವಳದು ನಾಲ್ಕು. ನನ್ನದರಲ್ಲಿ ಐದು ತೆಗೆದು ಅವಳಿಗೆ ಹಾಕು. ಒಂಬತ್ತು, ಒಂಬತ್ತು. ಯಾರಿಗೂ ಹತ್ತಿಲ್ಲ, ಯಾರಿಗೂ ಚೀಟಿ ಇಲ್ಲ. ಸರಿಹೋಯ್ತಲ್ಲ?"

"ಇದನ್ನ ಹಾಗೆ ಹಂಚೋಕೆ ಬರಲ್ಲಮ್ಮ. ಅವರವರದ್ದು ಅವರವರಿಗೆ."

"ಹಾಗಂತ ಯಾರು ಹೇಳಿದ್ದು? ಒಂದೇ ಮನೆ, ಒಂದೇ ಒಲೆ, ಅಂಕ ಮಾತ್ರ ಬೇರೆ ಬೇರೇನಾ? ನಿನ್ನ ಕಳಿಸಿದ ಮೇಷ್ಟ್ರನ್ನ ಒಂದು ಮಾತು ಕೇಳಿ ನೋಡು."

ಅಷ್ಟರಲ್ಲಿ ತಂಗಿ ಬೆಡ್‌ಶೀಟು ಸರಿಸಿ ಹೊರಗೆ ಬಂದಳು.

"ಹಂಚೋದೇನೂ ಬೇಡ," ಎಂದಳು. "ನನ್ನ ನಾಲ್ಕನ್ನೂ ಅಕ್ಕನಿಗೇ ಬರೀರಿ. ಅದು ನಂದಲ್ಲ. ದಿನಾ ರಾತ್ರಿ ಇವಳು ಅತ್ತು ಮುಗಿಸೋವರೆಗೂ ಎದ್ದಿರ್ತೀನಲ್ಲ, ಅದಕ್ಕೆ ಬಂದದ್ದು."