ಎಲ್ಲ ಮರೆಯುವ ಕಂಪ್ಯೂಟರ್

"ಸಂಜೆ ಮುಚ್ಚಿದ್ರೆ ಬೆಳಗ್ಗೆ ಮೇಲ್ ಮತ್ತೆ ಪಾಸ್‌ವರ್ಡ್ ಕೇಳುತ್ತೆ. ದಿನಾ ಲಾಗಿನ್ ಮಾಡಿ ಸಾಕಾಗಿದೆ," ಎಂದ ಗಂಡ.

ರಿಪೇರಿಯವನು ಬ್ರೌಸರ್ ತೆರೆದು ಜಾಲಾಡತೊಡಗಿದ. ಬಾಗಿಲ ಬಳಿ ನಿಂತಿದ್ದ ಹೆಂಡತಿ ಪರದೆಯತ್ತ ಕತ್ತು ಚಾಚಿದಳು. ಪರ ಊರಿನ ಮಹಿಳಾ ಹಾಸ್ಟೆಲಿನಲ್ಲಿ ಜಾಗ ಕೇಳಿ ಅವಳು ಕದ್ದು ಬರೆದ ಮೇಲ್‌ಗಳೆಲ್ಲ ಇದೇ ಕಂಪ್ಯೂಟರಿನಿಂದ ಹೋಗಿದ್ದವು.

"ಏನೂ ಕೆಟ್ಟಿಲ್ಲ ಸರ್. ಮುಚ್ಚಿದ ತಕ್ಷಣ ಎಲ್ಲ ಅಳಿಸಿಹೋಗೋ ಹಾಗೆ ಯಾರೋ ಸೆಟ್ಟಿಂಗ್ ಬದಲಾಯಿಸಿದ್ದಾರೆ."

ಗಂಡ ನಿಧಾನವಾಗಿ ಅವಳ ಕಡೆ ತಿರುಗಿದ. "ಏನು ಮುಚ್ಚಿಡ್ತಿದ್ದೀಯ?"

ಆ ಸೆಟ್ಟಿಂಗ್ ಎಲ್ಲಿದೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಹಾಗೆಂದರೆ ಅವನು ನಂಬುವುದಿಲ್ಲ. ಹೋದ ವಾರ ಅವನು ತಿರುಚಿದ ಕೈಯನ್ನು ಎತ್ತಲು ಅವಳಿಗೆ ಇನ್ನೂ ಆಗುತ್ತಿರಲಿಲ್ಲ.

"ನಾನೇ ಏನೋ ಒತ್ತಿರಬೇಕು ಕಣೋ," ಎಂದರು ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ. ಮಗನ ಎದುರು ತುಟಿ ಬಿಚ್ಚದ ಹೆಂಗಸು. "ಭಜನೆ ಕೇಳೋಣ ಅಂತ ಕೂತಿದ್ದೆ."

"ನಿಂಗ್ಯಾಕಮ್ಮ ಇದೆಲ್ಲ," ಎಂದು ಗದರಿ, ಸೆಟ್ಟಿಂಗ್ ಸರಿಮಾಡಿಸಿಕೊಂಡು, ಅವನು ರಿಪೇರಿಯವನ ಜೊತೆ ಗೇಟಿನವರೆಗೆ ಹೋದ.

ಅತ್ತೆ ಕೈಯೊರೆಸಿಕೊಂಡು ಹತ್ತಿರ ಬಂದರು. "ಅವತ್ತೊಂದಿನ ನೀನು ಪತ್ರ ತೆರೆದಿಟ್ಟೇ ಅಡುಗೆಮನೆಗೆ ಹೋಗಿದ್ದೆ, ನಾನು ಓದಿದೆ. ಲೈಬ್ರರಿ ಮೇಡಂನ ಕೇಳಿ, ಅಳಿಸೋದು ಹೇಗೆ ಅಂತ ಕಲಿತುಕೊಂಡೆ."

ಹೊರಗೆ ಗೇಟಿನ ಚಿಲಕದ ಸದ್ದಾಯಿತು.

"ನಾಳೆ ಇನ್ನೊಂದು ಪತ್ರ ಬರಿ, ಅಳಿಸೋದು ನನಗೆ ಬಿಡು," ಅತ್ತೆ ಪಿಸುಗುಟ್ಟಿದರು. "ಅಲ್ಲಿ ಇಬ್ಬರಿಗೆ ಜಾಗ ಇದೆಯಾ ಕೇಳು."