ಬರಿಗಾಲು

ಭೂಮಿಯ ಸೆಳೆತ ಸಡಿಲಾದ ಮೇಲೆ ತೂಕದ ಚಪ್ಪಲಿಯಿಲ್ಲದೆ ಯಾರೂ ಹೊರಗೆ ಕಾಲಿಡುತ್ತಿರಲಿಲ್ಲ. ಧಾರವಾಡದಲ್ಲಿ ಒಬ್ಬಳೇ ಇದ್ದ ಸೋದರತ್ತೆ ನೀಲವ್ವನನ್ನು ನೋಡಲು ಬಂದ ಮಧುಮತಿ ಮಾಳಿಗೆ ಹತ್ತಿದಳು. ಒಣಹಾಕಿದ ಮೆಣಸಿನಕಾಯಿ ಹಾರಿಹೋಗದಂತೆ ಬಲೆ ಹೊದಿಸುತ್ತಿದ್ದ ಮುದುಕಿ ಬರಿಗಾಲಲ್ಲಿ ಮೆಲ್ಲಗೆ ಗಾಳಿಯಲ್ಲಿ ಮೇಲೇರುತ್ತಿದ್ದಳು.

ಮಧುಮತಿ ಓಡಿಹೋಗಿ ಸೆರಗು ಹಿಡಿದಳು. ಅದು ಕೈಯಿಂದ ಜಾರಿತು. ಹಾರಿ ಪಾದ ಹಿಡಿದು, ಜಗ್ಗಿ ಕೆಳಗಿಳಿಸಿ, ಗಟ್ಟಿಯಾಗಿ ತಬ್ಬಿಕೊಂಡಳು.

“ಅತ್ತಿ, ಚಪ್ಪಲಿ ಎಲ್ಲಿ ಬಿಟ್ಟಿ?”

“ಕಾಲಾಗ ಅದಾವಲ್ಲ!” ಎಂದು ನೀಲವ್ವ ಗದರಿದಳು. ಆಮೇಲೆ ಬಗ್ಗಿ ನೋಡಿಕೊಂಡಳು.

“ನಾಳೆಯಿಂದ ನಿನ್ನ ಜೋಡಿ ಇರಾಕ ಒಬ್ಬಾಕಿನ್ನ ಕರಸ್ತೀನಿ.”

ಯಾವಾಗಲೂ ಬೇಡವೆಂದು ಜಗಳಕ್ಕೆ ನಿಲ್ಲುತ್ತಿದ್ದ ನೀಲವ್ವ ಈ ಸಲ ಸೋದರಸೊಸೆಯ ತೋಳು ಬಿಡಲಿಲ್ಲ.

“ಮೊನ್ನೆನೂ ಹಿಂಗ ಆಗಿತ್ತು. ಅರಿವಿ ಒಣಹಾಕೋ ತಂತಿ ಕೈಗೆ ಸಿಕ್ತು, ಉಳಕೊಂಡೆ,” ಎಂದಳು. “ನಾಳೆ ಯಾಕ? ಇವತ್ತ ಕರಸು.”